ಮೂಳೆಯ ಔಷಧಿ, ದವಡೆಯ ಎಚ್ಚರ

(ಮಹಿಳಾ ವಿಭಾಗದ ಆರೋಗ್ಯ ಕಾರ್ಯಕ್ರಮದಲ್ಲಿ ದಂತವೈದ್ಯೆಯಾದ ಸದಸ್ಯೆಯೊಬ್ಬರು ಮಾಡಿದ ಭಾಷಣ)



‘ಹಲ್ಲಿನ ಬಗ್ಗೆ ಏನಾದರೂ ಹೇಳಿ’ ಎಂದು ಗೆಳತಿಯರು ಕೇಳಿದಾಗ ನನಗೆ ಹಿರಿಯ ಮಹಿಳೆಯೊಬ್ಬರು ನೆನಪಾದರು. ಬೇರೆಡೆ ಹಲ್ಲು ಕೀಳಿಸಿ ಎರಡು ತಿಂಗಳು ಕಳೆದಿದ್ದರೂ ಗಾಯ ಮಾಗಿರಲಿಲ್ಲ. ಕೆಳದವಡೆಯಲ್ಲಿ ಮೂಳೆಯೇ ಕಾಣುತ್ತಿತ್ತು. ಯಾವ ಔಷಧಿ ತೆಗೆದುಕೊಳ್ಳುತ್ತೀರಿ ಎಂದರೆ ‘ಬಿಪಿ, ಶುಗರ್ ಮಾತ್ರೆ ಅಷ್ಟೇ’ ಎಂದರು. ಪಕ್ಕದಲ್ಲಿದ್ದ ಸೊಸೆ, ‘ಅತ್ತೆ, ವರ್ಷಕ್ಕೊಮ್ಮೆ ಮೂಳೆಗೆ ಡ್ರಿಪ್ ಹಾಕಿಸ್ತೀವಲ್ಲ?’ ಎಂದಳು. ದಿನವೂ ನುಂಗುವುದಲ್ಲವಾದ್ದರಿಂದ ಅವರು ಅದನ್ನು ಔಷಧಿಯೆಂದೇ ಎಣಿಸಿರಲಿಲ್ಲ!

ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಅದಕ್ಕೆ ವಾರಕ್ಕೊಮ್ಮೆ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಅಥವಾ 6 ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್ ಕೊಡುತ್ತಾರೆ. ಹಳೆಯ ಮೂಳೆಯನ್ನು ಕೆಡವುವ ಕೋಶಗಳನ್ನು ಇವು ತಡೆಯುತ್ತವೆ. ಆದರೆ ಹಲ್ಲು ಕಿತ್ತ ಜಾಗ ರಿಪೇರಿಯಾಗಲು ಆ ಕೆಡವುವ ಕೆಲಸವೂ ಬೇಕು. ಬಾಯಲ್ಲಿ ಕ್ರಿಮಿಗಳು ಬೇರೆ, ಮೇಲೆ ವಸಡಿನ ತೆಳು ಹೊದಿಕೆ. ಹೀಗಾಗಿ ತೊಂದರೆ ದವಡೆಗೇ ಬರುತ್ತದೆ. ಇದು ವೈದ್ಯಲೋಕದ ಗಮನಕ್ಕೆ ಬಂದದ್ದು 2003ರಲ್ಲಿ. ಮೂಳೆ 8 ವಾರಕ್ಕೂ ಹೆಚ್ಚು ಕಾಲ ತೆರೆದೇ ಇದ್ದರೆ ಈ ತೊಂದರೆ ಎನ್ನುತ್ತೇವೆ.

ಹೆದರಬೇಡಿ. ಮೂಳೆ ಸವೆತಕ್ಕೆ ಮಾತ್ರೆ ನುಂಗುವವರಲ್ಲಿ ಇದು ಸಾವಿರಕ್ಕೆ ಒಬ್ಬರಿಗೂ ಕಡಿಮೆ. ಕ್ಯಾನ್ಸರ್ ಮೂಳೆಗೆ ಹರಡಿದಾಗ ಇದೇ ಔಷಧಿಗಳನ್ನು ಹೆಚ್ಚು ಪ್ರಮಾಣದಲ್ಲಿ, ಪದೇಪದೇ ಕೊಡುವುದರಿಂದ ಅಪಾಯ ಹೆಚ್ಚು. ಶುಗರ್, ಸ್ಟೀರಾಯ್ಡ್, ತಂಬಾಕು, ಒತ್ತುವ ಹಲ್ಲಿನ ಸೆಟ್ ಕೂಡ ಅಪಾಯವನ್ನು ಹೆಚ್ಚಿಸುತ್ತವೆ.

ನನ್ನ ಮಾತು ಕೇಳಿ ಮನೆಗೆ ಹೋಗಿ ಔಷಧಿ ನಿಲ್ಲಿಸಬೇಡಿ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯುವುದು ಇದಕ್ಕಿಂತ ದೊಡ್ಡ ಕಷ್ಟ. ಡೆನೊಸುಮ್ಯಾಬ್ ತಡವಾದರಂತೂ ಬೆನ್ನೆಲುಬು ಮುರಿಯುವ ಭಯವಿದೆ. ನಿಲ್ಲಿಸುವ ತೀರ್ಮಾನ ಔಷಧಿ ಬರೆದ ವೈದ್ಯರದು.

ನಾವು ಮಾಡಬೇಕಾದದ್ದಿಷ್ಟೇ. ಔಷಧಿ ಆರಂಭಿಸುವ ಮುನ್ನ ಹಲ್ಲು ತೋರಿಸಿ. ಕೀಳಲೇಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಿ, ಗಾಯ ಮಾಗಲಿ. ಆರಂಭಿಸಿದ ಮೇಲೂ ಕ್ಲೀನಿಂಗ್, ಫಿಲ್ಲಿಂಗ್ ಮಾಡಿಸಬಹುದು. ಎಷ್ಟೋ ಸಲ ರೂಟ್ ಕೆನಾಲ್ ಮಾಡಿದರೆ ಕೀಳುವುದೇ ತಪ್ಪುತ್ತದೆ. ಔಷಧಿಯ ಹೆಸರು, ಕೊನೆಯ ಡೋಸ್‌ನ ತಾರೀಖು ಬರೆದ ಚೀಟಿಯೊಂದು ಪರ್ಸಿನಲ್ಲಿರಲಿ. ಡ್ರಿಪ್ ನಿಲ್ಲಿಸಿ ವರ್ಷಗಳಾಗಿದ್ದರೂ ಹೇಳಿ, ಅದು ಮೂಳೆಯಲ್ಲಿ ಬಹುಕಾಲ ಉಳಿಯುತ್ತದೆ.

ಆ ಹಿರಿಯರ ಗಾಯ ಮಾಗಲು ತಿಂಗಳುಗಳೇ ಹಿಡಿದವು. ಅಷ್ಟು ದಿನ ಗಂಜಿ, ಮೆತ್ತನೆಯ ಅನ್ನ. ಕೊನೆಗೊಂದು ದಿನ ಬಂದು, ‘ಇವತ್ತು ರೊಟ್ಟಿ ತಿಂದೆ ಡಾಕ್ಟ್ರೇ’ ಎಂದರು. ಮೊದಲೇ ಒಂದು ಮಾತು ಹೇಳಿದ್ದರೆ ಆ ಕಷ್ಟ ಬಹುಶಃ ತಪ್ಪುತ್ತಿತ್ತು. ಇಂದು ಮನೆಗೆ ಹೋಗಿ ನಿಮ್ಮ ಅಮ್ಮನನ್ನು, ಅತ್ತೆಯನ್ನು ಕೇಳಿ: ‘ಮೂಳೆಗೆ ಏನು ತಗೋತಿದೀರಿ?’