ಗಣಿತದ ಪುಸ್ತಕದೊಳಗಿದ್ದ ಕಾದಂಬರಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)

ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು ಎಂದರು. ಅದು ಈ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ನಾನು ಒಂದು ಪ್ರೇಮಕಥೆಯ ಬಗ್ಗೆ ಮಾತಾಡುತ್ತೇನೆ. ಗಾಬರಿಯಾಗಬೇಡಿ, ನನ್ನದಲ್ಲ. ಯಂಡಮೂರಿ ವೀರೇಂದ್ರನಾಥರ ‘ಬೆಳದಿಂಗಳ ಬಾಲೆ’.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮಪ್ಪನ ಕೆಲಸ ಹೋಯಿತು. ಹದಿನೆಂಟು ವರ್ಷ ಲೇತ್ ಮುಂದೆ ನಿಂತವರು ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿಗೆ ರಾತ್ರಿ ಕಾವಲಿಗೆ ಸೇರಿದರು. ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಗಿರಣಿಗಳು ಬಾಗಿಲು ಹಾಕಿದ ಮೇಲೆ ಏನಾಯಿತೆಂದು ಇಲ್ಲಿ ಕುಳಿತವರಿಗೆ ನಾನು ಹೇಳಬೇಕಿಲ್ಲ. ಎಷ್ಟೋ ಮನೆಗಳ ಕಥೆ ಅದು.

ರಾತ್ರಿ ಎಂಟಕ್ಕೆ ಸೈಕಲ್ಲಿನಲ್ಲಿ ಬುತ್ತಿ ಒಯ್ಯುವುದು ನನ್ನ ಕೆಲಸ. ಒಂದು ರಾತ್ರಿ ಹೋದಾಗ ಅಪ್ಪ ಗೇಟಿನ ಬಲ್ಬಿನ ಕೆಳಗೆ ಕಬ್ಬಿಣದ ಸ್ಟೂಲಿನ ಮೇಲೆ ಕೂತು ಪುಸ್ತಕ ಓದುತ್ತಿದ್ದರು. ಕಣ್ಣು ಕೆಂಪಗಾಗಿದ್ದವು. ನನ್ನನ್ನು ಕಂಡವರೇ ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಪಕ್ಕದ ಶೆಡ್ನಾಗೆ ವೆಲ್ಡಿಂಗ್ ನಡದೈತಿ, ಹೊಗಿ” ಎಂದರು. ಪಕ್ಕದ ಶೆಡ್ಡಿಗೆ ಬೀಗ ಬಿದ್ದಿತ್ತು. ಅಜ್ಜಿ ತೀರಿದ ದಿನ ಅಪ್ಪ ಅತ್ತಿರಲಿಲ್ಲ. ಕೆಲಸ ಹೋದ ದಿನವೂ ಅತ್ತಿರಲಿಲ್ಲ.

ಅದು ಬಾಡಿಗೆ ಲೈಬ್ರರಿಯ ಪುಸ್ತಕ, ದಿನಕ್ಕೆ ಒಂದು ರೂಪಾಯಿ. ಅಪ್ಪ ಬೆಳಿಗ್ಗೆ ಬಂದು ಮಲಗಿದ ಮೇಲೆ ಅದನ್ನು ಶಾಲೆಗೆ ತಂದು ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಓದಿದೆ. ಮುಕ್ಕಾಲು ಓದುವಷ್ಟರಲ್ಲಿ ಮೇಷ್ಟ್ರು ಕಸಿದುಕೊಂಡರು. ಒಂದು ದಿನವಾಯಿತು, ಎರಡಾಯಿತು, ಪುಸ್ತಕ ವಾಪಸ್ಸು ಬರಲಿಲ್ಲ. ಐದನೇ ದಿನ ಸ್ಟಾಫ್‌ರೂಮಿಗೆ ಕರೆದರು. ಪುಸ್ತಕ ಕೊಟ್ಟು, ಕಿಟಕಿಯ ಕಡೆ ಮುಖ ಮಾಡಿಕೊಂಡೇ “ಹೋಗು, ಮೊದಲು ಪೈಥಾಗರಸ್ ಪ್ರಮೇಯ ಕಲಿ” ಎಂದರು. ನಾಲ್ಕು ದಿನದ ಬಾಡಿಗೆ ಮಾತ್ರ ಕೊಡಲಿಲ್ಲ. ಮೇಷ್ಟ್ರು ಇವತ್ತು ವೇದಿಕೆಯ ಮೇಲೆಯೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಕಥೆ ಗೊತ್ತಿಲ್ಲದ ಮಕ್ಕಳಿಗೆ ಎರಡು ಮಾತು. ರೇವಂತ್ ದೊಡ್ಡ ಚೆಸ್ ಆಟಗಾರ. ಅವನಿಗೆ ಗುರುತಿಲ್ಲದ ಒಬ್ಬ ಹುಡುಗಿ ಫೋನ್ ಮಾಡುತ್ತಾಳೆ. ನಗುತ್ತಾಳೆ, ಕಾಡುತ್ತಾಳೆ, ಒಗಟು ಕೊಡುತ್ತಾಳೆ, ಜಾಣನಾದರೆ ನನ್ನನ್ನು ಹುಡುಕು ಎನ್ನುತ್ತಾಳೆ. ಅವನು ಹುಡುಕಿಕೊಂಡು ಹೋಗಿ ತಲುಪುವ ಹೊತ್ತಿಗೆ ಆಕೆ ಇರುವುದಿಲ್ಲ. ಕಾಯಿಲೆಯ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು. ಈಗಾಗಿದ್ದರೆ ಮೊಬೈಲಿನಲ್ಲಿ ನಂಬರು, ಹೆಸರು ಎರಡೂ ಕಾಣಿಸಿ ಎರಡನೇ ಪುಟಕ್ಕೇ ಕಾದಂಬರಿ ಮುಗಿಯುತ್ತಿತ್ತು! ತೆಲುಗಿನಲ್ಲಿ ಇದು ‘ವೆನ್ನೆಲ್ಲೋ ಆಡಪಿಲ್ಲ’. 1995ರಲ್ಲಿ ಸುನಿಲ್ ಕುಮಾರ್ ದೇಸಾಯಿಯವರು ಕನ್ನಡದಲ್ಲಿ ಸಿನಿಮಾ ಮಾಡಿದರು, ಅನಂತನಾಗ್ ರೇವಂತನಾದರು.

ಎಂಜಿನಿಯರ್ ಆದ ಮೇಲೆ ಇನ್ನೊಮ್ಮೆ ಓದಿದೆ. ಈ ಸಲ ಅಳುವುದಿಲ್ಲ, ಯಂತ್ರ ಬಿಚ್ಚಿ ನೋಡುತ್ತೇನೆ ಎಂಬ ಹಟ. ನೋಡಿದರೆ ಲೇಖಕರು ಬಹಳ ಜಾಣರು. ನಮ್ಮನ್ನು ಒಗಟು ಬಿಡಿಸಲು ಕೂರಿಸಿಬಿಡುತ್ತಾರೆ. ನಾವು ಪೆನ್ಸಿಲ್ ಹಿಡಿದು ಲೆಕ್ಕ ಮಾಡುತ್ತಿದ್ದರೆ ಮನಸ್ಸಿನ ಬಾಗಿಲಿಗೆ ಕಾವಲೇ ಇರುವುದಿಲ್ಲ. ಇನ್ನು ಆ ಹುಡುಗಿ ರೇವಂತನಿಗೆ ಬರೀ ದನಿ. ಅವನಿಗೆ ಕಾಣದ ಮುಖಕ್ಕೆ ಓದುವವರು ತಮಗೆ ಬೇಕಾದವರ ಮುಖ ತುಂಬಿಕೊಳ್ಳುತ್ತಾರೆ. ಸಾಯಿಸಿ ಅಳಿಸುವುದು ಸುಲಭದ ದಾರಿ ಎಂದು ನನ್ನೊಬ್ಬ ಸ್ನೇಹಿತ ವಾದಿಸುತ್ತಾನೆ. ಒಪ್ಪುತ್ತೇನೆ. ಆದರೆ ಮೊದಲ ಸಲ ಕೊನೆಯಲ್ಲಿ ಅತ್ತಿದ್ದವನು, ಎರಡನೇ ಸಲ ಅವಳು ತಮಾಷೆ ಮಾಡುವ ಜಾಗಗಳಲ್ಲೇ ಅತ್ತೆ. ಕೊನೆ ಗೊತ್ತಿತ್ತಲ್ಲ.

ಅಮ್ಮನ ಕಾಲದವರು ತ್ರಿವೇಣಿಯವರನ್ನು ಓದಿ ಅಳುತ್ತಿದ್ದರು. ‘ಶರಪಂಜರ’ವನ್ನು ಪುಟ್ಟಣ್ಣ 1971ರಲ್ಲಿ ಸಿನಿಮಾ ಮಾಡಿದ ಮೇಲೆ ಓದು ಬಾರದವರೂ ಅತ್ತರು. ಆ ತಾಯಿ 1963ರಲ್ಲೇ, 35 ತುಂಬುವ ಮೊದಲೇ ತೀರಿಹೋಗಿದ್ದರು. ಹೆಂಗಸರು ಕಾದಂಬರಿ ಓದಿ ಅಳುತ್ತಾರೆ ಎಂದು ನಗುವ ಗಂಡಸರು ನಮ್ಮೂರಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಎಷ್ಟು ಜನ ರಾತ್ರಿ ಡ್ಯೂಟಿಯಲ್ಲಿ ಏನು ಓದುತ್ತಿದ್ದರೋ.

ಅಪ್ಪ ಅಲ್ಲಿ ಬೇವಿನ ಮರದ ಕೆಳಗಿನ ಕುರ್ಚಿಯಲ್ಲಿ ಕುಳಿತಿದ್ದಾರೆ. ಇದನ್ನೆಲ್ಲ ಹೇಳಲು ಅರ್ಧ ಒಪ್ಪಿಗೆ ಕೊಟ್ಟಿದ್ದಾರೆ. ಇಷ್ಟು ವರ್ಷ ನಾವಿಬ್ಬರೂ ಆ ರಾತ್ರಿಯ ಮಾತೆತ್ತಿರಲಿಲ್ಲ. ಹೋದ ವಾರ, ಈ ಭಾಷಣ ಬರೆಯುವಾಗ, ಫೋನಿನಲ್ಲಿ ಕೇಳಿದೆ: ಅಪ್ಪಾ, ಅವತ್ತು ವೆಲ್ಡಿಂಗ್ ಹೊಗೆ ಇರಲಿಲ್ಲ ಅಲ್ವಾ?

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು: “ಆ ವರ್ಷ ಅಳಾಕೆ ಬ್ಯಾರೆ ಕಾರಣ ಬೇಕಾದಷ್ಟಿದ್ವು. ಮನ್ಯಾಗೆ ಅತ್ರೆ ನೀವೆಲ್ಲ ಹೆದರ್ತಿದ್ರಿ. ಪುಸ್ತಕ ಹಿಡ್ಕಂಡು ಅತ್ರೆ ಯಾರೂ ಏನೂ ಕೇಳಲ್ಲ.”

ಫೋನ್ ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದರು. “ಆದ್ರೂ ಆ ಹುಡುಗಿ ಸಾಯಬಾರ್ದಿತ್ತು ಬಿಡು.”

ಆ ಕಾದಂಬರಿಯ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ತಂದಿದ್ದೇನೆ, ಮುಖ್ಯೋಪಾಧ್ಯಾಯರ ಮೇಜಿನ ಮೇಲಿದೆ. ಮಕ್ಕಳೇ, ಗಣಿತದ ಪೀರಿಯಡ್ಡಿನಲ್ಲಿ ಮಾತ್ರ ತೆಗೆಯಬೇಡಿ. ಮೇಷ್ಟ್ರ ಕೈಗೆ ಸಿಕ್ಕರೆ ನಾಲ್ಕು ದಿನ ವಾಪಸ್ಸು ಬರುವುದಿಲ್ಲ.