ವಾರ್ಡಿನಿಂದ ಪಾರ್ಲಿಮೆಂಟಿಗೆ ಎಷ್ಟು ದೂರ?

ಬಸ್ಸಿನಾಗ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೂ, ಹೊಲದಾಗ ಫೋನ್ ಜೇಬಿಗಿಟ್ಟು ಕೇಳೋರಿಗೂ ಹಿರೇಬೆಂಡಿಗೇರಿಯಿಂದ ಸ್ವಾಗತ. ಇವತ್ತಿನ ಪ್ರಶ್ನೆ ಇಷ್ಟೇ: ಒಂದು ವಾರ್ಡಿನ ಮೆಂಬರ್ ಆದವರು ಪಾರ್ಲಿಮೆಂಟಿನ ತನಕ ಹೋಗಬಹುದಾ? ಹೋಗೋಕೆ ಎಷ್ಟು ವರ್ಷ ಬೇಕು?

ಉತ್ತರಕ್ಕೆ ಮೊದಲು ಲಂಡನ್‌ಗೆ ಹೋಗಿ ಬರೋಣ. ಯಾಕಂದ್ರೆ ಅಲ್ಲಿ ಈ ದಾರಿ ಹಿಡಿದವರಲ್ಲಿ ನಮ್ಮ ಕಲಬುರಗಿಯವರೊಬ್ಬರು ಇದ್ದಾರೆ. ಡಾ. ನೀರಜ್ ಪಾಟೀಲ್. ವೃತ್ತಿಯಿಂದ ವೈದ್ಯರು, ಪಕ್ಷ ಲೇಬರ್. ಥೇಮ್ಸ್ ನದಿಯ ಈ ದಂಡೆಗೆ ಲ್ಯಾಂಬೆತ್ ಅನ್ನೋ ಪ್ರದೇಶ, ಆ ದಂಡೆಗೆ ಬ್ರಿಟನ್ನಿನ ಪಾರ್ಲಿಮೆಂಟು. ಆ ಲ್ಯಾಂಬೆತ್ ಕೌನ್ಸಿಲ್‌ಗೆ ಇವರು ಕೌನ್ಸಿಲರ್ ಆಗಿ ಆರಿಸಿ ಬಂದರು. 2010ರಲ್ಲಿ ಮೇಯರ್ ಆದರು.

ಅಲ್ಲಿನ ಕೌನ್ಸಿಲರ್ ಕೆಲಸ ಏನು ಅಂತ ಕೇಳಿದ್ರೆ ನಿಮಗೆ ನಮ್ಮ ಪುರಸಭೆನೇ ನೆನಪಾಗುತ್ತೆ. ಕಸ, ರಸ್ತೆ, ಲೈಬ್ರರಿ, ಬಾಡಿಗೆಯ ಸರ್ಕಾರಿ ಮನೆ. ಸಂಬಳ ಇಲ್ಲ, ಭತ್ಯೆ ಮಾತ್ರ. ಹೀಗಾಗಿ ಬಹಳ ಮಂದಿ ತಮ್ಮ ನೌಕರಿ ಮಾಡ್ತಾನೇ ಕೌನ್ಸಿಲರ್ ಆಗಿರ್ತಾರೆ. ವಾರ್ಡಿನ ಜನರ ಅಹವಾಲು ಕೇಳೋಕೆ ಗೊತ್ತಾದ ಜಾಗದಲ್ಲಿ, ಗೊತ್ತಾದ ಹೊತ್ತಿಗೆ ಕೂಡ್ತಾರೆ. ಅದಕ್ಕೆ ಅಲ್ಲಿ ‘ಸರ್ಜರಿ’ ಅಂತಾರೆ! ಡಾಕ್ಟರ್ ರೋಗಿಗಳನ್ನ ನೋಡೋ ಕೋಣೆಗೂ ಅದೇ ಹೆಸರು. ಪಾಟೀಲರಿಗೆ ಎರಡೂ ಸರ್ಜರಿ ಗೊತ್ತಿತ್ತು ಅನ್ನಿ.

ಕನ್ನಡಿಗರಿಗೆ ಅವರ ಹೆಸರು ಪರಿಚಯ ಆಗಿದ್ದು ಬಸವಣ್ಣನವರ ಪುತ್ಥಳಿಯಿಂದ. ಅದೇ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಅವರ ಪ್ರಯತ್ನದಿಂದ ನಿಂತ ಪುತ್ಥಳಿಯನ್ನ 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು.

ಇನ್ನು ಮುಖ್ಯ ಸಂಗತಿಗೆ ಬರ್ತೀನಿ. 2017ರ ಜೂನ್ 8, ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆ. ಪಾಟೀಲರು ಲಂಡನ್ನಿನ ಪಟ್ನಿ ಕ್ಷೇತ್ರದಿಂದ ಲೇಬರ್ ಅಭ್ಯರ್ಥಿ. ಎದುರಿಗೆ ಯಾರು? ಆಗಿನ ಶಿಕ್ಷಣ ಸಚಿವೆ, ಕನ್ಸರ್ವೇಟಿವ್ ಪಕ್ಷದ ಜಸ್ಟಿನ್ ಗ್ರೀನಿಂಗ್. 2015ರಲ್ಲಿ ಆಕೆ ಅಲ್ಲಿ ಗೆದ್ದಿದ್ದು 10,180 ಮತಗಳ ಅಂತರದಿಂದ. ಈ ಸಲ ಎಣಿಕೆ ಮುಗಿದಾಗ ಅಂತರ 1,554ಕ್ಕೆ ಇಳಿದಿತ್ತು. ಪಾಟೀಲರು ಸೋತರು. ಆದ್ರೆ ಭದ್ರ ಕೋಟೆ ಅನ್ನಿಸಿಕೊಂಡಿದ್ದ ಕ್ಷೇತ್ರ ಅಲುಗಾಡಿತ್ತು.

ಎರಡೂವರೆ ವರ್ಷದಲ್ಲಿ, 2019ರ ಡಿಸೆಂಬರ್‌ನಲ್ಲಿ, ಮತ್ತೆ ಚುನಾವಣೆ. ಗ್ರೀನಿಂಗ್ ಕಣದಲ್ಲಿ ಇರಲಿಲ್ಲ. ಲೇಬರ್ ಪಕ್ಷ ಈ ಸಲ ನಿಲ್ಲಿಸಿದ್ದು ಫ್ಲೋರ್ ಆಂಡರ್ಸನ್ ಅನ್ನೋರನ್ನ. ಇವರೂ ಕೌನ್ಸಿಲರೇ. ಪಟ್ನಿ ಯಾವ ವಾಂಡ್ಸ್‌ವರ್ತ್ ಕೌನ್ಸಿಲ್‌ಗೆ ಸೇರುತ್ತೋ ಅದೇ ಕೌನ್ಸಿಲ್‌ಗೆ 2014ರಲ್ಲಿ ಆರಿಸಿ ಬಂದವರು. ದೇಶದ ತುಂಬ ಲೇಬರ್ ನೆಲಕಚ್ಚಿದ ಆ ಚುನಾವಣೆಯಲ್ಲಿ ಪಕ್ಷ ಹೊಸದಾಗಿ ಕಿತ್ತುಕೊಂಡ ಏಕೈಕ ಸೀಟು ಪಟ್ನಿ. ಅಂತರ 4,774. 2024ರಲ್ಲಿ ಆಕೆ ಮತ್ತೆ ಗೆದ್ದು, ಉತ್ತರ ಐರ್ಲೆಂಡ್ ಇಲಾಖೆಯ ಕಿರಿಯ ಸಚಿವೆಯೂ ಆದರು. ಕೌನ್ಸಿಲರ್‌ನಿಂದ ಸಂಸದೆ ಆಗೋಕೆ ಹಿಡಿದದ್ದು ಬರೇ 5 ವರ್ಷ.

ಅಲ್ಲಿ ಇದು ಹೆಂಗ ಸಾಧ್ಯ? ಒಂದು ಕಾರಣ ಕ್ಷೇತ್ರದ ಗಾತ್ರ. 2019ರಲ್ಲಿ ಪಟ್ನಿಯ ಮತದಾರರು ಸುಮಾರು 65 ಸಾವಿರ ಇದ್ದರು. ನಮ್ಮ ಶಿಗ್ಗಾಂವಿ ವಿಧಾನಸಭಾ ಕ್ಷೇತ್ರದಲ್ಲೇ 2 ಲಕ್ಷ 30 ಸಾವಿರಕ್ಕೂ ಜಾಸ್ತಿ. ಅದರ ಮೇಲೆ ಒಂದು ಮಜಾ ನೋಡ್ರಿ: ನಮ್ಮ ಜಿಲ್ಲೆ ಹಾವೇರಿ, ಆದ್ರೆ ಲೋಕಸಭೆಗೆ ನಾವು ಧಾರವಾಡ ಕ್ಷೇತ್ರ. ಅಲ್ಲಿ ಮತದಾರರು 18 ಲಕ್ಷದ ಹತ್ತಿರ. 65 ಸಾವಿರ ಜನರ ಮನಿ ಬಾಗಿಲಿಗೆ ನಡೆದು ಹೋಗಬಹುದು, 18 ಲಕ್ಷ ಜನರ ಬಾಗಿಲಿಗೆ ಹೋಗೋದು ಹೆಂಗ?

ಇನ್ನೊಂದು ಕಾರಣ ಟಿಕೆಟ್. ದಿಢೀರ್ ಚುನಾವಣೆ ಬಂದಾಗ ಮೇಲಿನವರೇ ಹೆಸರು ಹಾಕೋದು ಅಲ್ಲೂ ಉಂಟು. ಆದ್ರೆ ಮಾಮೂಲಿ ದಿನಗಳಲ್ಲಿ ಕ್ಷೇತ್ರದ ಪಕ್ಷದ ಸದಸ್ಯರೇ ಮತ ಹಾಕಿ ಅಭ್ಯರ್ಥಿಯನ್ನ ಆರಿಸ್ತಾರೆ. ಮಳೆಯಲ್ಲಿ ಕರಪತ್ರ ಹಂಚಿದ ಕೌನ್ಸಿಲರ್ ಯಾರು ಅಂತ ಆ ಸದಸ್ಯರಿಗೆ ಗೊತ್ತಿರುತ್ತೆ.

ಹಂಗಂತ ನಮ್ಮಲ್ಲಿ ಈ ದಾರಿ ಇರಲೇ ಇಲ್ಲ ಅಂತಲ್ಲ. ಹಿರೇಕೆರೂರು ದಾಟಿದ್ರೆ ಶಿಕಾರಿಪುರ. ಯಡಿಯೂರಪ್ಪನವರು 1975ರಲ್ಲಿ ಅಲ್ಲಿನ ಪುರಸಭೆಗೆ ಆರಿಸಿ ಬಂದವರು. 1983ರಲ್ಲಿ ಶಾಸಕರು, ಮುಂದೆ ಮುಖ್ಯಮಂತ್ರಿ, 2014ರಲ್ಲಿ ಶಿವಮೊಗ್ಗದ ಸಂಸದರು. ಸಿದ್ದರಾಮಯ್ಯನವರೂ 1978ರಲ್ಲಿ ಮೈಸೂರಿನ ತಾಲೂಕು ಬೋರ್ಡ್ ಮೆಂಬರ್ ಆಗಿಯೇ ಶುರು ಮಾಡಿದವರು. ಇಬ್ಬರದೂ ಮೊದಲ ಮೆಟ್ಟಿಲು ಊರಿನ ಹತ್ತಿರದ್ದೇ.

ಈಗ ಆ ಮೆಟ್ಟಿಲಿನ ಕಥೆ ಕೇಳ್ರಿ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯಲ್ಲ. ಹಳ್ಳಿಯ ಹುಡುಗ, ಹುಡುಗಿ ಒಂದು ಪಕ್ಷದ ಟಿಕೆಟ್ ಕೇಳೋ ಮೊದಲ ಜಾಗ ಅಂದ್ರೆ ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಅವಕ್ಕೆ ಚುನಾವಣೆ ಆಗಿದ್ದು 2016ರ ಫೆಬ್ರವರಿಯಲ್ಲಿ. ಅವಧಿ ಮುಗಿದಿದ್ದು 2021ರಲ್ಲಿ. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಮುಂದೂಡಿಕೆ. ಮೆಂಬರ್ ಕೂಡೋ ಕುರ್ಚಿಯಲ್ಲಿ ಆಡಳಿತಾಧಿಕಾರಿ ಕೂತರು.

ಇದರಿಂದ ಯಾರಿಗೆ ನಷ್ಟ? ಅಪ್ಪ ಶಾಸಕ ಆಗಿದ್ದವರಿಗೆ ಅಲ್ಲ, ಅವರಿಗೆ ಬೇರೆ ಬಾಗಿಲು ಇದೆ. ದುಡ್ಡಿದ್ದವರಿಗೂ ಅಲ್ಲ. ಪಂಚಾಯಿತಿಗೆ ನಿಲ್ಲೋಕೆ 21 ವರ್ಷ ಆದ್ರೆ ಸಾಕು. 2016ರಲ್ಲಿ 16 ವರ್ಷದವರಾಗಿದ್ದು, ಊರಿನ ಕೆಲಸಕ್ಕೆ ಓಡಾಡಿ, ಜನರ ಅರ್ಜಿ ಬರೆದುಕೊಟ್ಟು, 2021ಕ್ಕೆ 21 ತುಂಬಿದವರಿಗೆ ನಷ್ಟ. ಅವರಿಗೆ ಸೋಲೋ ಅವಕಾಶವೂ ಸಿಗಲಿಲ್ಲ. ನೀರಜ್ ಪಾಟೀಲರಿಗೆ 1,554 ಮತದಿಂದ ಸೋಲೋ ಅವಕಾಶನಾದ್ರೂ ಇತ್ತಲ್ರೀ!

ಅದಕ್ಕೇ ನನ್ನ ಮಾತು ಇಷ್ಟೇ. ಮುಂದಿನ ಸಲ ಶಾಸಕರೋ ಸಂಸದರೋ ಊರಿಗೆ ಬಂದು ‘ಯುವಕರು ರಾಜಕೀಯಕ್ಕೆ ಬರಬೇಕು’ ಅಂತ ಭಾಷಣ ಮಾಡಿದ್ರೆ, ಚಪ್ಪಾಳೆ ಹೊಡೀರಿ, ಬ್ಯಾಡ ಅನ್ನಲ್ಲ. ಹೊಡೆದಾದ ಮೇಲೆ ಒಂದು ಪ್ರಶ್ನೆ ಕೇಳ್ರಿ: ‘ಸಾಹೇಬ್ರ, ನಾವು ಯಾವ ಬಾಗಿಲಿಂದ ಒಳಗ ಬರೋಣ?’

ನಿಮ್ಮ ವಾರ್ಡಿನ ಮೆಂಬರ್ ಯಾರು, ಅವರು ಏನು ಕೆಲಸ ಮಾಡಿದ್ದಾರೆ ಅಂತ ನಮಗೆ ಒಂದು ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಮತ್ತೆ ಸಿಗೋಣ. ಬರ್ತೀನ್ರಿ.