ಸಂಗೀತಶಿಕ್ಷಣವೂ ಅನ್ನದಾಸೋಹವೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ಹಾಡುವುದು ತಮಗೆಲ್ಲ ವಿದಿತವೇ ಆಗಿದೆ. ಅಲ್ಲಿ ಬಡವರ ಬಾಲಕನು ಹಿಮ್ಮೇಳದಲ್ಲಿ ದನಿಗೂಡಿಸುತ್ತಲೇ ಕಲಿಯುವನು. ಇದು ವಿದ್ಯೆಯಲ್ಲವೆಂಬ ಪಂಡಿತರ ಉಪೇಕ್ಷೆ ಅನುಚಿತವಾದುದು. ಆದರೆ ಹೆತ್ತವರಿಲ್ಲದ, ಕಣ್ಣಿಲ್ಲದ ಶಿಶುವಿಗೆ ಕಲಿಯುವ ಕಾಲದಲ್ಲಿ ಅನ್ನವಿಕ್ಕುವವರಾರು?

ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಜನ್ಮಾಂಧರಾದ ಪಂಚಾಕ್ಷರಿ ಗವಾಯಿಗಳು (1892–1944) ಇಂತಹ ಮಕ್ಕಳನ್ನು ಕಟ್ಟಿಕೊಂಡು, ಊರೂರು ಸಂಚರಿಸುತ್ತ, ಭಿಕ್ಷೆಯಿಂದಲೇ ಪಾಠಶಾಲೆಯನ್ನು ನಡೆಸಿದರು. ಕರ್ನಾಟಕ, ಹಿಂದುಸ್ತಾನಿ ಎರಡನ್ನೂ ಬಲ್ಲವರು. ಬಸವರಾಜ ರಾಜಗುರುಗಳು ಅವರ ಶಿಷ್ಯರೇ. ಬಳಿಕ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು, ತಾವೂ ಅಂಧರಾಗಿದ್ದು, 2010ರಲ್ಲಿ ಲಿಂಗೈಕ್ಯರಾಗುವವರೆಗೂ ಸ್ವರವನ್ನೂ ಅನ್ನವನ್ನೂ ಒಟ್ಟಿಗೇ ನೀಡಿದರು.

ಈ ಸೀಮೆಯ ಮಠಗಳಲ್ಲಿ ದಾಸೋಹದ ಒಲೆ ಉರಿಯುತ್ತಲೇ ಇದೆ. ಅದರ ಬಳಿಯಲ್ಲಿ ನೀಲಗಾರನೊಬ್ಬನನ್ನೂ ಹತ್ತು ಮಕ್ಕಳನ್ನೂ ಕುಳ್ಳಿರಿಸಲು ಹೆಚ್ಚಿನ ವೆಚ್ಚವೇನೂ ತಗಲದು.